ಹಳೆಯ ಪದ್ಮಿನಿ ಮತ್ತು ಇಂದಿನ ಕಾರು

ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ ಎಂದೊಡನೆ ಅನೇಕರ ಕಣ್ಮುಂದೆ ನಿಲ್ಲುವುದು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಟ್ 1100 ಮಾದರಿಯನ್ನು ಆಧರಿಸಿದ ಈ ಕಾರು 1960ರ ದಶಕದಿಂದ ಆ ನಗರದ ಕುರ್ಲಾದಲ್ಲಿ ತಯಾರಾಗುತ್ತಿತ್ತು. ಪದ್ಮಿನಿ ಎಂಬ ಹೆಸರು ಅನಂತರ ಬಂದುದು. ಟ್ಯಾಕ್ಸಿಗಳಿಗೆ ವಿಧಿಸಲಾದ 20 ವರ್ಷಗಳ ಮಿತಿಯಿಂದಾಗಿ, 2023ರ ಅಕ್ಟೋಬರ್ ತಿಂಗಳಲ್ಲಿ ಇಂತಹ ಕೊನೆಯ ಟ್ಯಾಕ್ಸಿಯ ಸೇವೆ ಮುಗಿಯಿತು. ಆದರೆ ಹಳೆಯ ಗಾಡಿಯ ತಗಡು ಗಟ್ಟಿ, ಆದುದರಿಂದ ಅದೇ ಹೆಚ್ಚು ಸುರಕ್ಷಿತ ಎಂಬ ನಂಬಿಕೆ ಇನ್ನೂ ಉಳಿದಿದೆ. ಇದು ಪರಿಶೀಲಿಸಬೇಕಾದ ಮಾತು.

ಡಿಕ್ಕಿಯಾದಾಗ ಕಾರು ನಿಂತರೂ ಒಳಗಿರುವವರ ದೇಹ ಅದೇ ವೇಗದಲ್ಲಿ ಮುಂದಕ್ಕೆ ಚಲಿಸುತ್ತದೆ. ಕಾರಿನ ಮುಂಭಾಗ ಕುಗ್ಗದಿದ್ದರೆ ಆಘಾತದ ಬಹುಪಾಲನ್ನು ಪ್ರಯಾಣಿಕರೇ ತಾಳಬೇಕಾಗುತ್ತದೆ. ಇಂದಿನ ಕಾರಿನ ಮುಂಭಾಗವನ್ನು ಕ್ರಮವಾಗಿ ನಜ್ಜುಗುಜ್ಜಾಗುವಂತೆಯೂ, ಜನರು ಕುಳಿತ ಭಾಗವು ಆಕಾರ ಕೆಡದೆ ಉಳಿಯುವಂತೆಯೂ ರೂಪಿಸಲಾಗುತ್ತದೆ. ಅಪಘಾತದ ಬಳಿಕ ಹೊಸ ಕಾರಿನ ಮೂತಿ ಜಜ್ಜಿಹೋಗಿರುವುದನ್ನು ಕಂಡು ಮೂಗು ಮುರಿಯುವವರು ಗಮನಿಸಬೇಕಾದುದು ಇದನ್ನೇ: ತಗಡು ಜಜ್ಜಿಹೋದುದರಿಂದಲೇ ಪಕ್ಕೆಲುಬು ಉಳಿದಿರಬಹುದು. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾಯಿತು. ಅದು ಸೀಟ್ ಬೆಲ್ಟಿಗೆ ಬದಲಿಯಲ್ಲ. ಬೆಲ್ಟ್ ಧರಿಸದವನಿಗೆ ರಭಸದಿಂದ ಉಬ್ಬುವ ಏರ್‌ಬ್ಯಾಗೇ ಪೆಟ್ಟು ಕೊಡಬಲ್ಲದು. ಹಿಂಬದಿಯಲ್ಲಿ ಕುಳಿತವರಿಗೂ ಬೆಲ್ಟ್ ಅಷ್ಟೇ ಅಗತ್ಯ.

ಪದ್ಮಿನಿಯ 1089 ಸಿ.ಸಿ. ಎಂಜಿನ್ನಿಗೆ ಪೆಟ್ರೋಲನ್ನು ಒದಗಿಸುತ್ತಿದ್ದುದು ಕಾರ್ಬ್ಯುರೇಟರ್. ಚಳಿಯ ಬೆಳಗಿನಲ್ಲಿ ಚೋಕ್ ಎಳೆದು ಎಂಜಿನ್ ಚಾಲೂ ಮಾಡುವಾಗ ಅರೆಬೆಂದ ಪೆಟ್ರೋಲಿನ ಘಾಟು ಬೀದಿಗೆಲ್ಲ ಹರಡುತ್ತಿತ್ತು. ಇಂದಿನ ಕಾರಿನಲ್ಲಿ ಹೊಗೆಕೊಳವೆಯಲ್ಲಿರುವ ಸಂವೇದಕವು ಆಮ್ಲಜನಕದ ಪ್ರಮಾಣವನ್ನು ಅಳೆಯುತ್ತದೆ. ಅದಕ್ಕೆ ಅನುಗುಣವಾಗಿ ಗಣಕವು ಇಂಧನವನ್ನು ಚಿಮ್ಮಿಸುತ್ತದೆ. ಉಳಿದ ವಿಷಾನಿಲಗಳ ಬಹುಪಾಲನ್ನು ಕ್ಯಾಟಲಿಟಿಕ್ ಕನ್ವರ್ಟರ್ ನಿರಪಾಯಗೊಳಿಸುತ್ತದೆ. ಸೀಸ ಬೆರೆತ ಪೆಟ್ರೋಲು ಈ ಸಾಧನವನ್ನು ಕೆಡಿಸುತ್ತದೆ. ಅದರ ಮಾರಾಟ ದೇಶದಾದ್ಯಂತ ನಿಂತುದು 2000ದಲ್ಲಿ.

ದುರಸ್ತಿಯಲ್ಲಿ ಮಾತ್ರ ಹಳೆಯ ಕಾರಿನದೇ ಮೇಲುಗೈ. ಸ್ಪ್ಯಾನರ್, ಸ್ಕ್ರೂಡ್ರೈವರ್ ಬಲ್ಲ ಯಾವ ಮೆಕ್ಯಾನಿಕ್ಕಾದರೂ ರಸ್ತೆ ಬದಿಯಲ್ಲೇ ಅದನ್ನು ಸರಿಪಡಿಸುತ್ತಿದ್ದ. ಹೊಸ ಕಾರಿನ ದೋಷ ತಿಳಿಯಲು ಬಹಳಷ್ಟು ಸಲ ಪರೀಕ್ಷಕ ಯಂತ್ರವೇ ಬೇಕು.

ಸ್ವಂತದ ಹಳೆಯ ಕಾರನ್ನು ಉಳಿಸಿಕೊಂಡವರು ಬ್ರೇಕು, ಟೈರು ಮತ್ತು ತುಕ್ಕು ಹಿಡಿದ ತಳಭಾಗವನ್ನು ಮೊದಲು ಪರೀಕ್ಷಿಸಿಸುವುದು ಒಳಿತು. ಹೊರಗಿನ ಬಣ್ಣದ ಮಾತು ಆಮೇಲೆ.