ಸಂಜೆ ಆರರ ಸಿಡಿಮಿಡಿಗೆ ಅಡುಗೆಮನೆಯ ಸೂತ್ರಗಳು

ಸಂಜೆ ಐದೂವರೆಯಿಂದ ಏಳರವರೆಗೆ ನಮ್ಮ ಮನೆಯಲ್ಲಿ ಯಾರೂ ಯಾರ ಮಾತನ್ನೂ ಸಹಿಸುತ್ತಿರಲಿಲ್ಲ. ಮಗ ಶಾಲೆಯಿಂದ ಬಂದವನೇ ಬ್ಯಾಗು ಎಸೆದು, ಶೂ ಬಿಚ್ಚುವ ಮೊದಲೇ ತಂಗಿಯ ಜಡೆ ಎಳೆಯುತ್ತಿದ್ದ. ಅವಳು ಬೀದಿಗೆ ಕೇಳುವಂತೆ ಕಿರುಚುತ್ತಿದ್ದಳು. ಆಫೀಸಿನಿಂದ ಬಂದ ನಾನು ಇಬ್ಬರಿಗೂ ಗದರುತ್ತಿದ್ದೆ. ಅತ್ತೆ ಸೋಫಾದ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿರುತ್ತಿದ್ದರು. ಒಂದು ದಿನ ಮಗನ ಊಟದ ಡಬ್ಬಿ ತೊಳೆಯಲೆಂದು ತೆರೆದರೆ, ಬೆಳಗ್ಗೆ ಏಳಕ್ಕೆ ಹಾಕಿದ್ದ ಎರಡು ಚಪಾತಿ ರಟ್ಟಿನ ಹಾಗೆ ಸೆಟೆದುಕೊಂಡಿದ್ದವು. ಬೀನ್ಸ್ ಪಲ್ಯ ಹಾಕಿದ ಹಾಗೇ ಇತ್ತು. “ಊಟಕ್ಕೆ ಬಿಟ್ಟಾಗ ಕಬಡ್ಡಿ ಆಡಿದ್ವಮ್ಮ” ಎಂದ. ಅರ್ಧ ಲೋಟ ಹಾಲು ಕುಡಿದು ಹೋದ ಹುಡುಗ ಸಂಜೆಯವರೆಗೂ ಖಾಲಿ ಹೊಟ್ಟೆಯಲ್ಲಿದ್ದ. ಇವನನ್ನು ಯಾರಾದರೂ ಆಪ್ತಸಮಾಲೋಚಕರಿಗೆ ತೋರಿಸೋಣವೇ ಎಂದು ಎರಡು ತಿಂಗಳಿಂದ ಗಂಡನ ಜೊತೆ ಗುಸುಗುಸು ನಡೆಸಿದ್ದ ನನಗೆ, ಡಬ್ಬಿ ತೆರೆದು ನೋಡುವ ಬುದ್ಧಿ ಅಲ್ಲಿಯವರೆಗೂ ಬಂದಿರಲಿಲ್ಲ.

ಅಲ್ಲಿಂದ ಶುರುವಾದದ್ದು ಈ ಸೂತ್ರಗಳ ಪಟ್ಟಿ. ನಮಗೆ ಒದಗಿದ್ದನ್ನೂ, ವೈದ್ಯರಿಂದ ಕೇಳಿ, ಓದಿ ತಿಳಿದದ್ದನ್ನೂ ಬರೆಯುತ್ತಿದ್ದೇನೆ.

1. ಎರಡು ವಾರ ಏನನ್ನೂ ಬದಲಾಯಿಸಬೇಡಿ, ಬರೆದಿಡಿ.
ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಸಾಕು. ಯಾರು ಎಷ್ಟು ಹೊತ್ತಿಗೆ ಏನು ತಿಂದರು, ಎಷ್ಟಕ್ಕೆ ಮಲಗಿದರು, ರಂಪ ಎಷ್ಟು ಗಂಟೆಗೆ ಆಯಿತು, ಇಷ್ಟೇ. ನಮ್ಮ ಮನೆಯ ಜಗಳಗಳಲ್ಲಿ ಹೆಚ್ಚಿನವು ಊಟಕ್ಕೆ ಮುಂಚಿನವು ಎಂಬುದು ಒಂಬತ್ತನೆಯ ದಿನಕ್ಕೇ ಗೋಡೆಯ ಮೇಲೆ ಕಾಣತೊಡಗಿತು. ನಿಮ್ಮ ಮನೆಯಲ್ಲಿ ಬೇರೆ ಏನೋ ಕಾಣಬಹುದು. ನೋಡದೆ ಔಷಧಿ ಅಂಗಡಿಗೆ ಹೋಗಬೇಡಿ.

2. ಶಾಲೆಯಿಂದ ಬಂದ ಹತ್ತು ನಿಮಿಷದೊಳಗೆ ಹೊಟ್ಟೆಗೆ ಬೀಳಲಿ, ಮಾತು ಆಮೇಲೆ.
ಹೋಂವರ್ಕ್, ಟೆಸ್ಟಿನ ಮಾರ್ಕ್ಸು, ಕಳೆದುಹೋದ ರಬ್ಬರು ಎಲ್ಲವೂ ತಿಂದ ಮೇಲೆ. ಹಸಿವಾದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್‌ನಂಥ ಹಾರ್ಮೋನುಗಳನ್ನು ಬಿಟ್ಟು ಸಕ್ಕರೆಯ ಮಟ್ಟವನ್ನು ಕಾಯ್ದುಕೊಳ್ಳುತ್ತದೆ. ಅವೇ ಹಾರ್ಮೋನುಗಳು ಮನುಷ್ಯನನ್ನು ಜಗಳಕ್ಕೂ ಸಜ್ಜು ಮಾಡುತ್ತವೆ. ಹಸಿದ ಹುಡುಗನಿಗೆ ಬುದ್ಧಿವಾದ ಹೇಳುವುದು ಗಾಳಿಗೆ ಗುದ್ದಿದ ಹಾಗೆ.

ಏನು ಕೊಡುವುದು? ಬಿಸ್ಕತ್ತು ಬೇಡ, ಅರ್ಧ ಗಂಟೆಗೆ ಮತ್ತೆ ಹಸಿವು. ನಾನು ಭಾನುವಾರ ರಾಗಿ ಹುರಿಹಿಟ್ಟು ಮಾಡಿ ಡಬ್ಬದಲ್ಲಿಡುತ್ತೇನೆ. ಸಂಜೆ ಎರಡು ಚಮಚ ಹಿಟ್ಟು, ಬೆಲ್ಲ, ಕಾಯಿತುರಿ, ಹಾಲು. ಎರಡು ನಿಮಿಷದ ಕೆಲಸ. ಒಂದು ದಿನ ಹೆಸರುಕಾಳಿನ ಉಸಲಿ, ಇನ್ನೊಂದು ದಿನ ಬೇಯಿಸಿದ ಕಡಲೆಕಾಯಿ ಇಲ್ಲವೇ ಮೊಟ್ಟೆ. ಏನೂ ಇಲ್ಲದ ದಿನ ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ. ಡಬ್ಬಿಗೆ ಚಪಾತಿ-ಪಲ್ಯದ ಬದಲು ಆಡುತ್ತಾ ತಿನ್ನಬಹುದಾದದ್ದನ್ನೇ ಹಾಕತೊಡಗಿದೆ: ಚಪಾತಿ ರೋಲು, ಪಡ್ಡು. ಡಬ್ಬಿ ಖಾಲಿಯಾಗಿ ಬರತೊಡಗಿತು. ಜಡೆ ಎಳೆಯುವುದು ಪೂರ್ತಿ ನಿಂತಿಲ್ಲ, ಅವನು ಅಣ್ಣ ತಾನೆ.

3. ಸಕ್ಕರೆಯ ಮೇಲೆ ಇಲ್ಲದ ಆಪಾದನೆ ಹೊರಿಸಬೇಡಿ.
“ಸ್ವೀಟು ತಿಂದ್ರೆ ಇವನಿಗೆ ದೆವ್ವ ಹೊಕ್ಕ ಹಾಗಾಗುತ್ತೆ” ಎಂದು ಹುಟ್ಟುಹಬ್ಬದ ಪಾರ್ಟಿಗಳಲ್ಲಿ ನಾನೂ ಹೇಳಿದವಳೇ. 1990ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ಹಲವು ಬಾರಿ ಪರೀಕ್ಷಿಸಿದರು. ಯಾವ ಮಗು ಏನು ತಿಂದಿತೆಂದು ಯಾರಿಗೂ ಹೇಳದೆ ನೋಡಿದಾಗ, ಸಕ್ಕರೆ ತಿಂದ ಮಕ್ಕಳಿಗೂ ತಿನ್ನದವರಿಗೂ ವರ್ತನೆಯಲ್ಲಿ ವ್ಯತ್ಯಾಸ ಸಿಗಲಿಲ್ಲ. 1994ರ ಒಂದು ಅಧ್ಯಯನ ಇನ್ನೂ ಮಜವಾಗಿದೆ. ತಮ್ಮ ಮಕ್ಕಳಿಗೆ ಸಕ್ಕರೆ ಆಗಿಬರುವುದಿಲ್ಲ ಎಂದು ನಂಬಿದ್ದ ತಾಯಂದಿರನ್ನು ಕರೆಸಿ, ಎಲ್ಲ ಮಕ್ಕಳಿಗೂ ಸಕ್ಕರೆಯಿಲ್ಲದ ಸಿಹಿಕಾರಕವನ್ನೇ ಕೊಟ್ಟರು. ಅರ್ಧದಷ್ಟು ತಾಯಂದಿರಿಗೆ ಮಾತ್ರ “ಸಕ್ಕರೆ ಕೊಟ್ಟಿದ್ದೇವೆ” ಎಂದರು. ಆ ತಾಯಂದಿರಿಗೆ ತಮ್ಮ ಮಕ್ಕಳು ಹೆಚ್ಚು ಚೇಷ್ಟೆ ಮಾಡಿದ ಹಾಗೆ ಕಂಡಿತು. ಅವರೇ ಮಕ್ಕಳನ್ನು ಹೆಚ್ಚು ಗದರಿದರು ಕೂಡ.

ಸಕ್ಕರೆ ಕಡಿಮೆ ಮಾಡಿ, ಹಲ್ಲಿಗೂ ತೂಕಕ್ಕೂ ಒಳ್ಳೆಯದು. ದಿನಕ್ಕೆ 25 ಗ್ರಾಂ, ಅಂದರೆ ಸುಮಾರು ಆರು ಟೀ ಚಮಚ, ದೊಡ್ಡವರಿಗೇ ಧಾರಾಳವಾಯಿತು. ಅದರಿಂದ ಹಠ ಹೋಗುತ್ತದೆ ಎಂದು ಮಾತ್ರ ಕಾಯಬೇಡಿ.

4. ಆದ್ದರಿಂದಲೇ, ಒಂದು ಸಲಕ್ಕೆ ಒಂದೇ ಬದಲಾವಣೆ.
ಹಾಲು ಬಿಡಿಸಿ, ಮೀನೆಣ್ಣೆ ಮಾತ್ರೆ ಶುರು ಮಾಡಿ, ಮೈದಾ ನಿಲ್ಲಿಸಿ, ಟಿವಿಯನ್ನೂ ಆರಿಸಿದರೆ ಕೆಲಸ ಮಾಡಿದ್ದು ಯಾವುದು ಎಂದು ದೇವರಿಗೂ ಗೊತ್ತಾಗುವುದಿಲ್ಲ. ಒಂದಕ್ಕೆ ಎರಡು ಮೂರು ವಾರ ಕೊಡಿ. ಮೇಲಿನ ತಾಯಂದಿರ ಕಥೆ ನೆನಪಿರಲಿ: ನಿಮ್ಮ ಕಣ್ಣೊಂದನ್ನೇ ನಂಬಬೇಡಿ. ಮನೆಯಲ್ಲಿ ಏನು ಬದಲಾಗಿದೆ ಎಂದು ಗೊತ್ತಿಲ್ಲದ ಕ್ಲಾಸ್ ಟೀಚರನ್ನೂ ಕೇಳಿ.

5. ಬಣ್ಣದ ಮೇಲೆ ಕಣ್ಣಿಡಿ.
ಸಕ್ಕರೆಗೆ ಸಿಗದ ಸಾಕ್ಷಿ ಕೃತಕ ಬಣ್ಣಕ್ಕೆ ಸ್ವಲ್ಪ ಸಿಕ್ಕಿದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ಕೃತಕ ಬಣ್ಣಗಳಲ್ಲಿ ಕೆಲವನ್ನೂ ಸೋಡಿಯಂ ಬೆಂಜೋಯೇಟನ್ನೂ ಬೆರೆಸಿದ ಪಾನೀಯ ಕುಡಿದ ಮಕ್ಕಳಲ್ಲಿ ಚಡಪಡಿಕೆ ತುಸು ಹೆಚ್ಚಿತು. ಎಲ್ಲ ಮಕ್ಕಳಲ್ಲೂ ಅಲ್ಲ, ದೊಡ್ಡ ಪ್ರಮಾಣದಲ್ಲೂ ಅಲ್ಲ. ಆದರೂ 2010ರಿಂದ ಯುರೋಪಿನಲ್ಲಿ ಆ ಆರು ಬಣ್ಣಗಳಿರುವ ತಿನಿಸಿನ ಮೇಲೆ ಮಕ್ಕಳ ವರ್ತನೆಯ ಬಗ್ಗೆ ಎಚ್ಚರಿಕೆ ಅಚ್ಚಾಗಬೇಕು. ನಮ್ಮಲ್ಲಿ ಅಂಥ ಎಚ್ಚರಿಕೆ ಇಲ್ಲದ ಕಾರಣ ಪೊಟ್ಟಣ ತಿರುಗಿಸಿ ಸಂಖ್ಯೆ ಓದಿ: 102, 110, 122, 124. ಇವು ಆ ಆರರಲ್ಲಿ ನಾಲ್ಕು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳು.

ಪೊಟ್ಟಣವೇ ಇಲ್ಲದ ತಳ್ಳುಗಾಡಿಯ ತಿನಿಸಿಗೆ ಏನು ಮಾಡುವುದು? ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು, ಬೊಂಬಾಯಿ ಮಿಠಾಯಿಗೆ ರೋಡಮೈನ್-ಬಿ ಬೆರೆಸುವುದನ್ನು ನಿಷೇಧಿಸಿತು. ಜೂನ್‌ನಲ್ಲಿ ಕಬಾಬಿಗೂ ಅದೇ ಆಯಿತು. ರೋಡಮೈನ್-ಬಿ ತಿನ್ನುವ ಬಣ್ಣವೇ ಅಲ್ಲ, ಬಟ್ಟೆಗೆ ಹಾಕುವಂಥದ್ದು. ಗೋಬಿ ಕೆಂಪಗೆ ಹೊಳೆಯುತ್ತಿದ್ದರೆ ಮುಂದಿನ ಗಾಡಿಗೆ ನಡೆಯಿರಿ.

6. ಸುಸ್ತು, ಸಿಟ್ಟು, ಬಳಪ ತಿನ್ನುವ ಚಟ ಇದ್ದರೆ ಮೊದಲು ರಕ್ತ ಪರೀಕ್ಷೆ.
ನನ್ನ ಇಡೀ ಪಟ್ಟಿಯಲ್ಲಿ ತೂಕವಿರುವ ಸೂತ್ರ ಇದೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ (2019–21) ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65ಕ್ಕಿಂತ ಹೆಚ್ಚು ಮಂದಿಗೆ, 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 48ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಕಬ್ಬಿಣದ ಅಂಶ ಕಡಿಮೆಯಾದ ಮಗು ಸೊರಗಿ ಕೂರುತ್ತದೆಂದೇನೂ ಇಲ್ಲ. ಹಠ ಮಾಡುತ್ತದೆ, ಓದಿನಲ್ಲಿ ಮನಸ್ಸು ನಿಲ್ಲುವುದಿಲ್ಲ, ಮಣ್ಣು, ಬಳಪ, ಸುಣ್ಣದ ಗೋಡೆಗೆ ಬಾಯಿ ಹಾಕುತ್ತದೆ. ಮನೆಯವರು ಅದಕ್ಕೆ ಹೊಡೆಯುತ್ತಾರೆ. ತಾಯಿಗೂ ರಕ್ತ ಕಡಿಮೆಯಿದ್ದರೆ ಅವಳ ತಾಳ್ಮೆಯೂ ಬೇಗ ಮುಗಿಯುತ್ತದೆ. ಇಬ್ಬರನ್ನೂ ಒಟ್ಟಿಗೆ ಪರೀಕ್ಷೆಗೆ ಕರೆದೊಯ್ಯಿರಿ. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ಬೇಕೇ ಎಂದು ವೈದ್ಯರನ್ನು ಕೇಳಿ.

ಸರ್ಕಾರಿ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನೂ, ಫೆಬ್ರವರಿ ಮತ್ತು ಆಗಸ್ಟ್‌ನ ಜಂತುಹುಳದ ಮಾತ್ರೆಯನ್ನೂ ಮಗು ಜೇಬಿಗೆ ಹಾಕಿಕೊಂಡು ಬಂದು ಎಸೆಯುತ್ತಿಲ್ಲ ತಾನೆ ಎಂದು ವಿಚಾರಿಸಿ. ಮಲ ಕಪ್ಪಗಾದರೆ ಗಾಬರಿ ಬೇಡ, ಅದು ಕಬ್ಬಿಣದ ಗುಣ.

7. ಊಟದ ಹಿಂದೆಯೇ ಕಾಫಿ, ಟೀ ಬೇಡ, ನಿಂಬೆ ಇರಲಿ.
ಬಸ್ಸಾರಿನ ಸೊಪ್ಪು, ಹುರುಳಿ, ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ಟೀ, ಕಾಫಿ ತಡೆಯುತ್ತವೆ. ಊಟಕ್ಕೂ ಅವಕ್ಕೂ ಒಂದು ಗಂಟೆ ಅಂತರವಿರಲಿ. ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣು ಅದೇ ಕಬ್ಬಿಣವನ್ನು ಒಳಗೆ ಎಳೆಯುತ್ತವೆ. ಕಾಳು ಮೊಳಕೆ ಬಂದರೆ, ಹಿಟ್ಟು ಹುದುಗಿದರೆ ಇನ್ನೂ ಒಳ್ಳೆಯದು. ನಮ್ಮ ಅಜ್ಜಿಯರು ಕಾರಣ ಕೇಳದೆ ಮಾಡುತ್ತಿದ್ದರು. ಸಂಜೆಯ ನಂತರ ಮಕ್ಕಳಿಗೆ ಟೀ ಕೊಡಬೇಡಿ, ನಿದ್ದೆಗೆಟ್ಟ ಮಗುವಿಗೆ ಯಾವ ಪಥ್ಯವೂ ನಾಟುವುದಿಲ್ಲ.

8. ಅತ್ತೆಯ ಮುನಿಸಿಗೂ ಒಂದು ಪರೀಕ್ಷೆಯಿದೆ.
“ನಂಗೇನೂ ಬೇಡ ಕಣಮ್ಮ, ಸುಮ್ನೆ ಬಿಟ್ಬಿಡು” ಎನ್ನುವುದು ಅತ್ತೆಯವರ ದಿನದ ಮಾತಾಗಿತ್ತು. ಮರೆವು, ಪಾದದಲ್ಲಿ ಜುಮುಜುಮು. ವಯಸ್ಸಾಯಿತಲ್ಲ ಎಂದುಕೊಂಡಿದ್ದೆವು. ಶುದ್ಧ ಸಸ್ಯಾಹಾರಿ, ಹಾಲು ಸೇರದು, ಸಕ್ಕರೆ ಕಾಯಿಲೆಗೆ ಹನ್ನೆರಡು ವರ್ಷದಿಂದ ಮೆಟ್‌ಫಾರ್ಮಿನ್ ಮಾತ್ರೆ. ನಮ್ಮ ಡಾಕ್ಟರು ಇಷ್ಟು ಕೇಳಿದವರೇ ಬಿ12 ಪರೀಕ್ಷೆ ಬರೆದರು. ಬಹಳ ಕಡಿಮೆ ಇತ್ತು. ಈ ಜೀವಸತ್ವ ಸಹಜವಾಗಿ ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಮೆಟ್‌ಫಾರ್ಮಿನ್ ಹಾಗೂ ದಿನಾ ನುಂಗುವ ಗ್ಯಾಸ್ ಮಾತ್ರೆ ವರ್ಷಗಟ್ಟಲೆ ಆದರೆ ಅದನ್ನು ಇನ್ನಷ್ಟು ತಗ್ಗಿಸಬಲ್ಲವು. ಅತ್ತೆಗೆ ಇಂಜೆಕ್ಷನ್ ಆಯಿತು, ಈಗ ಮಾತ್ರೆ. ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ನಾನು ಫೋನಿನಲ್ಲಿ ಮಾತಾಡುತ್ತಿದ್ದಾಗ ಒಳಗಿಂದ, “ಸಾರಿಗೆ ಉಪ್ಪು ಜಾಸ್ತಿ ಆಗಿದೆ ಕಣೇ” ಎಂದು ಕೂಗಿದರು. ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

9. ಮಾತ್ರೆಯ ಡಬ್ಬ ಚಿಕ್ಕದಾಗಿರಲಿ, ಬೀಗ ಇರಲಿ.
ಡಿ ಜೀವಸತ್ವದ 60,000 ಯೂನಿಟ್ಟಿನ ಪೊಟ್ಟಣ ಸಾಮಾನ್ಯವಾಗಿ ವಾರಕ್ಕೊಂದು, ಅದೂ ವೈದ್ಯರು ಹೇಳಿದಷ್ಟು ವಾರ. ಅದನ್ನು ದಿನಕ್ಕೊಂದರಂತೆ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ ಶುರುವಾಗಿ, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಜೆಲ್ಲಿ ಮಿಠಾಯಿಯಂತಿರುವ ವಿಟಮಿನ್ನನ್ನು ಮಕ್ಕಳು ಮಿಠಾಯಿಯಂತೆಯೇ ತಿನ್ನುತ್ತಾರೆ. ಅಮ್ಮನ ಕಬ್ಬಿಣದ ಮಾತ್ರೆ ಒಂದಷ್ಟು ನುಂಗಿದರೆ ಪುಟ್ಟ ಮಗುವಿನ ಜೀವಕ್ಕೇ ಕುತ್ತು. ಅಶ್ವಗಂಧ ಗಿಡಮೂಲಿಕೆ ತಾನೆ ಎಂದು ಥೈರಾಯ್ಡ್ ಮಾತ್ರೆಯ ಜೊತೆ ಸೇರಿಸಬೇಡಿ, ಡಾಕ್ಟರಿಗೆ ಹೇಳಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗಬೇಡಿ.

10. ಮೀನು ತಿನ್ನುವವರು ಬಂಗುಡೆ, ಬೂತಾಯಿ. ತಿನ್ನದವರು ಅಗಸಿ ಹಿಂಡಿ.
ಒಮೆಗಾ-3ಕ್ಕೆ ದುಬಾರಿ ಮೀನು ಬೇಕಿಲ್ಲ. ಅಗಸಿಯಲ್ಲಿರುವ ಒಮೆಗಾ-3 ಮಿದುಳಿಗೆ ಬೇಕಾದ ರೂಪಕ್ಕೆ ಬದಲಾಗುವುದು ಸ್ವಲ್ಪವೇ, ಆದರೂ ರೊಟ್ಟಿ ಜೊತೆ ಒಂದು ಚಮಚ ನಷ್ಟವಲ್ಲ. ಹುರಿದು ಪುಡಿ ಮಾಡಿ, ಇಡೀ ಬೀಜ ಹಾಗೇ ಹೊರಹೋಗುತ್ತದೆ.

ಒಂದೊಂದು ಪದಾರ್ಥಕ್ಕಿಂತ ಇಡೀ ಊಟ ಮುಖ್ಯ ಎನ್ನಲು ನನಗೆ ಸಿಕ್ಕ ಗಟ್ಟಿ ಆಧಾರ 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗ. ಖಿನ್ನತೆಯಿದ್ದ 67 ಮಂದಿಯಲ್ಲಿ ಒಂದು ಗುಂಪಿಗೆ 12 ವಾರ ಊಟ ತಿದ್ದಲು ನೆರವು, ಇನ್ನೊಂದಕ್ಕೆ ಬರೀ ಮಾತುಕತೆ, ಒಡನಾಟ. ಊಟ ತಿದ್ದಿಕೊಂಡವರಲ್ಲಿ ಸುಮಾರು ಮೂರನೇ ಒಂದರಷ್ಟು ಮಂದಿ ಖಿನ್ನತೆಯಿಂದ ಹೊರಬಂದರು, ಇನ್ನೊಂದು ಗುಂಪಿನಲ್ಲಿ ಶೇ. 8ರಷ್ಟು. ಅವರು ತಿಂದದ್ದು ತವುಡಿರುವ ಧಾನ್ಯ, ಕಾಳು, ತರಕಾರಿ, ಹಣ್ಣು, ಬೀಜಗಳು, ಮೀನು, ಆಲಿವ್ ಎಣ್ಣೆ. ಎಣ್ಣೆಯೊಂದನ್ನು ಬಿಟ್ಟರೆ ಮುದ್ದೆ, ಹುರುಳಿಸಾರು, ಕೋಸಂಬರಿ, ಮೀನುಸಾರಿನಿಂದ ತೀರಾ ದೂರವಿಲ್ಲ. ಪ್ರಯೋಗ ಚಿಕ್ಕದು. ಹೆಚ್ಚಿನವರು ಮೊದಲೇ ಪಡೆಯುತ್ತಿದ್ದ ಚಿಕಿತ್ಸೆಯನ್ನು ಮುಂದುವರಿಸಿದ್ದರು ಎಂಬುದನ್ನು ಮರೆಯಬೇಡಿ.

11. ಮನೆಗೆಲ್ಲ ಒಂದೇ ತಟ್ಟೆ.
ಮಗನಿಗೆ ಉಸಲಿ, ಅಪ್ಪನಿಗೆ ಚಿಪ್ಸ್ ಎಂದರೆ ಮೂರನೇ ದಿನಕ್ಕೆ ದಂಗೆ. ನಮ್ಮವರು ಖಾರಾ ಮಿಕ್ಸ್ಚರನ್ನು ಸ್ಕೂಟರ್ ಡಿಕ್ಕಿಯಲ್ಲಿ ಬಚ್ಚಿಟ್ಟಿದ್ದನ್ನು ಪತ್ತೆ ಹಚ್ಚಿದ್ದು ಮಗಳು.

12. ಗೋಧಿ, ಹಾಲು ನಿಲ್ಲಿಸುವ ಮುನ್ನ ಹತ್ತು ಸಲ ಯೋಚಿಸಿ.
ಆಟಿಸಂ ಇರುವ ಮಕ್ಕಳಿಗೆ ಎರಡನ್ನೂ ಬಿಡಿಸಿ ಎಂಬ ಸಲಹೆ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಅದರಿಂದ ವರ್ತನೆ ಸುಧಾರಿಸುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಅಂಥ ಎಷ್ಟೋ ಮಕ್ಕಳು ತಿನ್ನುವುದೇ ನಾಲ್ಕೈದು ಬಗೆ. ಅದರಲ್ಲಿ ಎರಡನ್ನು ಕಿತ್ತುಕೊಂಡರೆ ಉಳಿಯುವುದೇನು? ಬಿಡಿಸಲೇಬೇಕಾದ ಬೇರೆ ಕಾರಣವಿದ್ದರೆ ಆಹಾರ ತಜ್ಞರ ಜೊತೆ ಕೂತು ಬದಲಿ ಗೊತ್ತುಮಾಡಿಕೊಳ್ಳಿ. ಹಾಲು ಬಿಟ್ಟರೆ ಕ್ಯಾಲ್ಸಿಯಂಗೆ ರಾಗಿಯಿದೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ.

13. ತಟ್ಟೆಯ ಗಡಿ ತಿಳಿದಿರಲಿ.
ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ದೆ ಹಸಿವು ಎರಡೂ ಹೋಗುವುದು, ಸಾಯುವ ಮಾತು, ಇದ್ದಕ್ಕಿದ್ದಂತೆ ಶಾಲೆಗೆ ಹೋಗೆನೆಂಬ ಭಯ: ಇವಕ್ಕೆ ಹುರಿಹಿಟ್ಟಿನಲ್ಲಿ ಮದ್ದಿಲ್ಲ. ಡಾಕ್ಟರು ಕೊಟ್ಟ ಮಾನಸಿಕ ಚಿಕಿತ್ಸೆಯ ಮಾತ್ರೆಯನ್ನು ಪಥ್ಯ ನಂಬಿ ನಿಲ್ಲಿಸಲೂ ಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.