ಎಕ್ಸ್‌ಎಂಎಲ್ ಕಡತವೂ ಅದರ ವೃಕ್ಷವೂ

ತುಮಕೂರಿನಿಂದ ತಿಪಟೂರು, ಅರಸೀಕೆರೆಗಳ ಕಡೆಗೆ ಹೋಗುವ ಹೆದ್ದಾರಿಯನ್ನು ಚಿಕ್ಕನಾಯಕನಹಳ್ಳಿಯಿಂದ ತುರುವೇಕೆರೆಗೆ ಹೋಗುವ ರಸ್ತೆಯು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಅಡ್ಡ ಹಾಯುತ್ತದೆ. ಅಲ್ಲಿ ನಿಂತು ‘ಕಿಬ್ಬನಹಳ್ಳಿ ಎಲ್ಲಿದೆ?’ ಎಂದು ಕೇಳಿದರೆ ಎರಡು ಬಗೆಯ ಉತ್ತರಗಳು ದೊರೆಯಬಹುದು. ಒಬ್ಬರು ಕೈತೋರಿಸಿ ದಾರಿಯನ್ನು ಹೇಳುವರು. ಇನ್ನೊಬ್ಬರು, ಕಂದಾಯದ ಕಾಗದಪತ್ರಗಳೊಡನೆ ಬಳಕೆಯುಳ್ಳವರಾದರೆ, ‘ತುಮಕೂರು ಜಿಲ್ಲೆ, ತಿಪಟೂರು ತಾಲ್ಲೂಕು, ಕಿಬ್ಬನಹಳ್ಳಿ ಹೋಬಳಿ’ ಎಂದು ಮೇಲಿನಿಂದ ಕೆಳಕ್ಕೆ ಒಂದೊಂದೇ ಮೆಟ್ಟಿಲಿಳಿದು ಬರುವರು. ಈ ಎರಡನೆಯ ಉತ್ತರದಲ್ಲಿ ಒಂದು ವೃಕ್ಷವು ಅಡಗಿದೆ.

ಹೇಗೆಂದರೆ, ಜಿಲ್ಲೆಯೆಂಬುದು ಬೇರು. ಅದರಿಂದ ತಾಲ್ಲೂಕುಗಳೆಂಬ ಕೊಂಬೆಗಳು ಒಡೆಯುತ್ತವೆ. ತಿಪಟೂರೆಂಬ ಕೊಂಬೆಯಿಂದ ಕಸಬಾ, ಹೊನ್ನವಳ್ಳಿ, ನೊಣವಿನಕೆರೆ, ಕಿಬ್ಬನಹಳ್ಳಿ ಎಂಬ ನಾಲ್ಕು ಹೋಬಳಿಗಳು ಕವಲೊಡೆಯುತ್ತವೆ. ಹೋಬಳಿಗಳಿಂದ ಗ್ರಾಮಗಳು, ಗ್ರಾಮಗಳಿಂದ ಸರ್ವೆ ನಂಬರುಗಳು. ಯಾವ ಗ್ರಾಮಕ್ಕೂ ಎರಡು ಹೋಬಳಿಗಳಿಲ್ಲ, ಯಾವ ಹೋಬಳಿಗೂ ಎರಡು ತಾಲ್ಲೂಕುಗಳಿಲ್ಲ. ಬೇರೊಂದನ್ನುಳಿದು ಪ್ರತಿಯೊಂದಕ್ಕೂ ತಾಯಿ ಒಂದೇ. ಗಣಕಶಾಸ್ತ್ರದಲ್ಲಿ ವೃಕ್ಷವೆಂದರೆ ಇಷ್ಟೇ. ಬೇರನ್ನು ಮೇಲಕ್ಕೂ ಎಲೆಗಳನ್ನು ಕೆಳಕ್ಕೂ ಬರೆಯುವುದು ಆ ಶಾಸ್ತ್ರದವರ ರೂಢಿ. ತೆಂಗಿನ ಸೀಮೆಯ ವಿದ್ಯಾರ್ಥಿಗಳು ಮಾತ್ರ ಇಲ್ಲಿ ಸ್ವಲ್ಪ ಎಚ್ಚರದಿಂದಿರಬೇಕು: ಅವರು ದಿನವೂ ಕಾಣುವ ಮರಕ್ಕೆ ಕೊಂಬೆಯೇ ಇಲ್ಲ! ನಮ್ಮ ವೃಕ್ಷವನ್ನು ಆಲದ ಮರವನ್ನೋ ಹಲಸಿನ ಮರವನ್ನೋ ನೆನೆದು ಊಹಿಸಿಕೊಳ್ಳುವುದು ಲೇಸು. ತೆಂಗಿನ ಮರದ ಮಾತು ಮುಂದೆ ಇನ್ನೊಮ್ಮೆ ಬರಲಿದೆ.

ಇಂತಹ ವೃಕ್ಷವನ್ನು ಒಂದು ಗಣಕದಿಂದ ಇನ್ನೊಂದಕ್ಕೆ ಕಳುಹಿಸಬೇಕಾದರೆ ಚಿತ್ರವಾಗಿ ಕಳುಹಿಸಲಾಗದು. ಅಕ್ಷರಗಳ ಒಂದೇ ಸಾಲಾಗಿ ಬಿಡಿಸಿ ಬರೆಯಬೇಕು. ಹಾಗೆ ಬರೆಯುವ ವಿಧಾನಗಳಲ್ಲಿ ಪ್ರಸಿದ್ಧವಾದುದು ಎಕ್ಸ್‌ಎಂಎಲ್. 1998ನೆಯ ಇಸವಿ ಫೆಬ್ರವರಿ 10ರಂದು ವಿಶ್ವವ್ಯಾಪಿ ಜಾಲ ಒಕ್ಕೂಟವು ಇದರ ಮೊದಲ ಆವೃತ್ತಿಯನ್ನು ಶಿಫಾರಸು ಮಾಡಿತು. ಇದರ ಟ್ಯಾಗುಗಳ ಹೆಸರನ್ನು ಕನ್ನಡ ಲಿಪಿಯಲ್ಲಿಯೂ ಇಡಬಹುದೆಂಬುದು ಅನೇಕರಿಗೆ ತಿಳಿಯದ ಸಂಗತಿ. ಅಭ್ಯಾಸಕ್ಕಾಗಿ ಒಂದು ಚಿಕ್ಕ ಕಡತವನ್ನು ಕಲ್ಪಿಸಿಕೊಳ್ಳೋಣ:

<ತಾಲ್ಲೂಕು ಹೆಸರು="ತಿಪಟೂರು">
  <ಹೋಬಳಿ ಹೆಸರು="ಕಿಬ್ಬನಹಳ್ಳಿ">
    <ಜಮೀನು>
      <ಬೆಳೆ>ತೆಂಗು</ಬೆಳೆ>
      <ಬೆಳೆ>ರಾಗಿ</ಬೆಳೆ>
    </ಜಮೀನು>
  </ಹೋಬಳಿ>
  <ಹೋಬಳಿ ಹೆಸರು="ನೊಣವಿನಕೆರೆ"/>
</ತಾಲ್ಲೂಕು>

ತೆರೆದುದನ್ನು ಮುಚ್ಚಬೇಕು, ಒಳಗಿನದನ್ನು ಮುಚ್ಚಿದ ಮೇಲೆಯೇ ಹೊರಗಿನದನ್ನು ಮುಚ್ಚಬೇಕು. ಎಕ್ಸ್‌ಎಂಎಲ್ಲಿನ ನಿಯಮಗಳಲ್ಲಿ ನಮಗೆ ಈಗ ಮುಖ್ಯವಾದುದು ಇದೊಂದೇ.

ಈ ಸಾಲನ್ನು ಓದಿ ವೃಕ್ಷವನ್ನು ಮರಳಿ ಪಡೆಯುವುದು ಹೇಗೆ? ಕಡತವನ್ನು ಓದುವ ಕೆಲಸವನ್ನು ಪಾರ್ಸರ್ ಎಂಬ ಸಿದ್ಧ ಕ್ರಮವಿಧಿಯು ಮಾಡುತ್ತದೆ. ಆದರೆ ಅದು ವೃಕ್ಷವನ್ನೇ ತಂದುಕೊಡುವುದೆಂಬ ನಿಯಮವಿಲ್ಲ. ಒಂದು ಬಗೆಯ ಪಾರ್ಸರು ಕೇವಲ ಘಟನೆಗಳನ್ನು ಸಾರುತ್ತದೆ: ‘ತಾಲ್ಲೂಕು ತೆರೆಯಿತು’, ‘ಹೋಬಳಿ ತೆರೆಯಿತು’, ‘ಇಷ್ಟು ಅಕ್ಷರಗಳು ಬಂದವು’, ‘ಬೆಳೆ ಮುಚ್ಚಿತು’. ಒಮ್ಮೆ ಸಾರಿದ್ದನ್ನು ಮತ್ತೆ ಹೇಳುವುದಿಲ್ಲ. ಕೂಡುರಸ್ತೆಯಲ್ಲಿ ಬಸ್ಸುಗಳನ್ನು ಎಣಿಸುತ್ತ ನಿಂತವನು ದಾಟಿಹೋದ ಬಸ್ಸನ್ನು ಹಿಂದಕ್ಕೆ ಕರೆಯಲಾರನಷ್ಟೆ, ಇಲ್ಲಿಯೂ ಹಾಗೆಯೇ. 1997ರ ಕೊನೆಗೆ ಇಂತಹ ಪಾರ್ಸರುಗಳು ಹಲವು ಇದ್ದವು, ಒಂದೊಂದೂ ಒಂದೊಂದು ರೀತಿಯಲ್ಲಿ ವರದಿ ಮಾಡುತ್ತಿದ್ದಿತು. ಈ ತೊಡಕನ್ನು ನಿವಾರಿಸಲು ಹಲವರು ಕೂಡಿ ಚರ್ಚಿಸಿ, ಡೇವಿಡ್ ಮೆಗಿನ್ಸನ್ ಎಂಬವರ ಮುಂದಾಳತನದಲ್ಲಿ, 1998ರ ಮೇ ತಿಂಗಳಿನಲ್ಲಿ ಸ್ಯಾಕ್ಸ್ ಎಂಬ ಸಮಾನ ಕ್ರಮವನ್ನು ಹೊರತಂದರು. ಅದೇ ವರ್ಷದ ಅಕ್ಟೋಬರಿನಲ್ಲಿ ವೃಕ್ಷದ ರೂಪವನ್ನು ನಿರ್ದೇಶಿಸುವ ಡಾಮ್ ಎಂಬ ಕ್ರಮವೂ ಬಂದಿತು. ಸ್ಯಾಕ್ಸಿನ ಘಟನೆಗಳಿಂದ ಡಾಮಿನಂತಹ ವೃಕ್ಷಕ್ಕೆ ಹೋಗುವ ಸೇತುವೆಯೇ ನಮ್ಮ ಇಂದಿನ ಪಾಠ.

ಇದನ್ನು ತರಗತಿಯಲ್ಲಿ ಗಣಕವಿಲ್ಲದೆಯೇ ಮಾಡಿನೋಡಬಹುದು. ಒಬ್ಬ ವಿದ್ಯಾರ್ಥಿಯು ಮೇಲಿನ ಕಡತವನ್ನು ಗಟ್ಟಿಯಾಗಿ ಓದಲಿ. ಇನ್ನೊಬ್ಬನು ಅದನ್ನು ನೋಡದೆ, ಕೆಲವು ಸ್ಲೇಟುಗಳನ್ನು ಮತ್ತು ಒಂದು ದಾರದುಂಡೆಯನ್ನು ಇಟ್ಟುಕೊಂಡು ಕುಳಿತುಕೊಳ್ಳಲಿ. ‘ತೆರೆಯಿತು’ ಎಂದಾಗಲೆಲ್ಲ ಅವನು ಹೊಸ ಸ್ಲೇಟಿನ ಮೇಲೆ ಹೆಸರನ್ನು ಬರೆದು, ಮೊದಲೇ ಇರುವ ಸ್ಲೇಟುಗಳಲ್ಲಿ ಎಲ್ಲಕ್ಕಿಂತ ಮೇಲಿನದಕ್ಕೆ ಅದನ್ನು ದಾರದಿಂದ ಕಟ್ಟಿ, ಅದರ ಮೇಲೆಯೇ ಇಡಬೇಕು. ಅಕ್ಷರಗಳು ಬಂದರೆ ಮೇಲಿನ ಸ್ಲೇಟಿನಲ್ಲಿ ಬರೆಯಬೇಕು. ‘ಮುಚ್ಚಿತು’ ಎಂದಾಗ ಮೇಲಿನ ಸ್ಲೇಟನ್ನು ಎತ್ತಿ ಪಕ್ಕಕ್ಕಿಡಬೇಕು. ದಾರವನ್ನು ಮಾತ್ರ ಬಿಚ್ಚಬಾರದು. ಓದು ಮುಗಿದಾಗ ಒಟ್ಟಿನಲ್ಲಿ ಒಂದು ಸ್ಲೇಟೂ ಉಳಿಯುವುದಿಲ್ಲ. ಪಕ್ಕದಲ್ಲಿ ದಾರಗಳಿಂದ ಕೂಡಿದ ವೃಕ್ಷವು ಸಿದ್ಧವಾಗಿರುತ್ತದೆ.

ಹೀಗೆ ಕೊನೆಯಲ್ಲಿ ಇಟ್ಟುದನ್ನೇ ಮೊದಲು ತೆಗೆಯಬೇಕಾದ ಒಟ್ಟಿಗೆ ಸ್ಟ್ಯಾಕ್ ಎಂದು ಹೆಸರು. ಮಂಡಿಯಲ್ಲಿ ಒಂದರ ಮೇಲೊಂದು ಪೇರಿಸಿದ ಕೊಬ್ಬರಿಯ ಚೀಲಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಕ್ರಮವಿಧಿಯ ರೂಪದಲ್ಲಿ ಅದೇ ಮಾತನ್ನು ಹೀಗೆ ಬರೆಯಬಹುದು:

ತೆರೆದಾಗ (ಹೆಸರು, ಗುಣಗಳು):
  ಹೊಸ ಗಂಟು = ಗಂಟು (ಹೆಸರು, ಗುಣಗಳು)
  ಸ್ಟ್ಯಾಕಿನ ತುದಿಯ ಮಕ್ಕಳಿಗೆ ಹೊಸ ಗಂಟನ್ನು ಸೇರಿಸು
  ಹೊಸ ಗಂಟನ್ನು ಸ್ಟ್ಯಾಕಿನ ಮೇಲಿಡು
ಅಕ್ಷರ ಬಂದಾಗ (ತುಣುಕು):
  ಸ್ಟ್ಯಾಕಿನ ತುದಿಯ ಬರಹಕ್ಕೆ ತುಣುಕನ್ನು ಜೋಡಿಸು
ಮುಚ್ಚಿದಾಗ (ಹೆಸರು):
  ಸ್ಟ್ಯಾಕಿನ ತುದಿಯನ್ನು ತೆಗೆ

ಮೊಟ್ಟಮೊದಲ ಘಟನೆ ಬರುವಾಗ ಸ್ಟ್ಯಾಕು ಬರಿದಾಗಿದ್ದರೆ ‘ತುದಿ’ಯೆಂಬುದೇ ಇರುವುದಿಲ್ಲ. ಆದುದರಿಂದ ‘ಕಡತ’ ಎಂಬ ಹೆಸರಿನ ಒಂದು ಹುಸಿ ಗಂಟನ್ನು ಆರಂಭದಲ್ಲಿಯೇ ಇಟ್ಟಿರಬೇಕು. ಕೊನೆಗೆ ಅದರ ಏಕಮಾತ್ರ ಶಿಶುವೇ ನಮಗೆ ಬೇಕಾದ ಬೇರು.

ನಮ್ಮ ಕಡತದಲ್ಲಿ ತೆರೆಯುವ ಘಟನೆಗಳು 6, ಮುಚ್ಚುವವು 6, ಬೆಳೆಯ ಹೆಸರುಗಳು 2, ಒಟ್ಟು 14. ನೊಣವಿನಕೆರೆಯ ಟ್ಯಾಗು ಒಂದೇ ಆದರೂ ಅದಕ್ಕೆ ತೆರೆದ ಘಟನೆಯೂ ಮುಚ್ಚಿದ ಘಟನೆಯೂ ಬೇರೆಬೇರೆಯಾಗಿ ಬರುತ್ತವೆಂಬುದನ್ನು ಗಮನಿಸಬೇಕು. ‘ರಾಗಿ’ ಎಂಬುದು ಕೇಳಿಬಂದಾಗ, ಹುಸಿ ಗಂಟನ್ನು ಬಿಟ್ಟರೆ, ಸ್ಟ್ಯಾಕಿನಲ್ಲಿ ತಳದಿಂದ ತಾಲ್ಲೂಕು, ಹೋಬಳಿ, ಜಮೀನು, ಬೆಳೆ ಎಂಬ ನಾಲ್ಕು ಇರುತ್ತವೆ. ತೆಂಗಿನ ಸ್ಲೇಟು ಆಗಲೇ ಪಕ್ಕಕ್ಕೆ ಹೋಗಿದೆ. ಅಂದರೆ ಯಾವ ಕ್ಷಣದಲ್ಲಿ ನೋಡಿದರೂ ಸ್ಟ್ಯಾಕಿನಲ್ಲಿರುವುದು ಬೇರಿನಿಂದ ಈಗ ನಿಂತಿರುವ ಸ್ಥಳದವರೆಗಿನ ದಾರಿ ಮಾತ್ರ. ತೆರೆದಾಗ ದಾರಿಯು ಒಂದು ಹೆಜ್ಜೆ ಬೆಳೆಯುತ್ತದೆ, ಮುಚ್ಚಿದಾಗ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ಈ ಎರಡರಿಂದಲೂ ಮೇಲೆ ಹೇಳಿದ ಮಾತು ಕೆಡುವುದಿಲ್ಲ. ಆದುದರಿಂದ ಹೊಸದಾಗಿ ಹುಟ್ಟುವ ಗಂಟಿನ ತಾಯಿ ಯಾರೆಂದು ಹುಡುಕಬೇಕಾಗಿಯೇ ಇಲ್ಲ. ಅವಳು ಯಾವಾಗಲೂ ತುದಿಯಲ್ಲಿಯೇ ಕುಳಿತಿರುತ್ತಾಳೆ. ಪ್ರತಿಯೊಂದು ಗಂಟೂ ಒಮ್ಮೆ ಏರಿ ಒಮ್ಮೆ ಇಳಿಯುವುದರಿಂದ ಕೆಲಸವು ಕಡತದ ಉದ್ದಕ್ಕೆ ತಕ್ಕಷ್ಟೇ ಆಗುತ್ತದೆ. ಸ್ಟ್ಯಾಕಿನ ಎತ್ತರವಾದರೋ ಕಡತದ ಉದ್ದವನ್ನಲ್ಲ, ಆಳವನ್ನು ಅವಲಂಬಿಸಿದೆ.

ಮುಚ್ಚಿದಾಗ ತುದಿಯನ್ನು ತೆಗೆಯಲು ಮರೆತರೆ ಏನಾಗುವುದು? ಪ್ರತಿ ಹೊಸ ಗಂಟೂ ಹಿಂದಿನದರ ಶಿಶುವಾಗುತ್ತದೆ. ತೆಂಗಿನ ಒಳಗೆ ರಾಗಿ, ರಾಗಿಯ ಒಳಗೆ ನೊಣವಿನಕೆರೆ ಹೋಬಳಿ! ಕೊಂಬೆಯಿಲ್ಲದ ಒಂದೇ ನೀಳವಾದ ಕಾಂಡ ಬೆಳೆದು ನಿಲ್ಲುತ್ತದೆ. ಆಗ ಮಾತ್ರ ನಮ್ಮ ವೃಕ್ಷವು ನಿಜವಾಗಿಯೂ ತೆಂಗಿನ ಮರವೇ ಸರಿ. ಇಷ್ಟು ದೊಡ್ಡ ತಪ್ಪು ಕೂಡಲೇ ಕಣ್ಣಿಗೆ ಬೀಳುವುದರಿಂದ ಅಪಾಯ ಕಡಿಮೆ. ಪಾರ್ಸರನ್ನು ಬಿಟ್ಟು ತಾವೇ ಟ್ಯಾಗುಗಳನ್ನು ಹುಡುಕಲು ಹೊರಡುವವರು ನೊಣವಿನಕೆರೆಯಂತಹ ಒಂಟಿ ಟ್ಯಾಗನ್ನು ತೆರೆದುದೆಂದು ಮಾತ್ರ ಎಣಿಸಿ, ಮುಚ್ಚಿದುದನ್ನು ಮರೆಯುವುದುಂಟು. ಆಗ ಅದರ ಮುಂದೆ ಬರುವ ಹೋಬಳಿಗಳೆಲ್ಲ ನೊಣವಿನಕೆರೆಯ ಹೊಟ್ಟೆಯೊಳಕ್ಕೆ ಸೇರಿ, ಒಂದು ಹೋಬಳಿಯ ಜಮೀನು ಇನ್ನೊಂದರ ಲೆಕ್ಕಕ್ಕೆ ಹೋಗುತ್ತದೆ.

ಗಂಟನ್ನು ತಾಯಿಗೆ ಕಟ್ಟುವುದು ತೆರೆದಾಗಲೋ ಮುಚ್ಚಿದಾಗಲೋ ಎಂದು ಕೆಲವರು ಕೇಳುತ್ತಾರೆ. ಎರಡೂ ಸಾಧುವೇ. ತೆರೆದಾಗಲೇ ಕಟ್ಟಿದರೆ, ಕಡತವು ನಡುವೆ ಹರಿದಿದ್ದ ಪಕ್ಷದಲ್ಲಿ ಅರೆಬರೆಯ ಗಂಟೂ ವೃಕ್ಷದಲ್ಲಿ ಉಳಿದುಕೊಳ್ಳುತ್ತದೆ. ಮುಚ್ಚಿದಾಗ ಕಟ್ಟಿದರೆ ಪೂರ್ತಿಯಾದುವು ಮಾತ್ರ ತಾಯಿಯನ್ನು ಸೇರುತ್ತವೆ.

ಈಗ ನನ್ನದೇ ಒಂದು ಪ್ರಮಾದವನ್ನು ಹೇಳಬೇಕು. ಇಂತಹ ಕ್ರಮವಿಧಿಯನ್ನು ಮೊದಲು ಬರೆದಾಗ, ಅಕ್ಷರಗಳ ಘಟನೆಯಲ್ಲಿ ‘ಜೋಡಿಸು’ ಎನ್ನುವುದಕ್ಕೆ ಬದಲಾಗಿ ‘ಬರೆ’ ಎಂದಿದ್ದೆನು. ಹತ್ತು ಸಾಲಿನ ಕಡತದ ಮೇಲೆ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿದ್ದಿತು. ದೊಡ್ಡ ಕಡತವನ್ನು ಕೊಟ್ಟಾಗ, ಸಾವಿರಾರು ಊರುಗಳ ನಡುವೆ ‘ಬನಹಳ್ಳಿ’ ಎಂಬ, ಯಾರೂ ಕೇಳರಿಯದ ಒಂದು ಊರು ಹುಟ್ಟಿಕೊಂಡಿತು. ಕಿಬ್ಬನಹಳ್ಳಿಯು ಕಾಣೆಯಾಗಿದ್ದಿತು.

ಕಾರಣವಿದು. ಪಾರ್ಸರು ಕಡತವನ್ನು ಒಂದೇ ಬಾರಿಗೆ ನುಂಗುವುದಿಲ್ಲ. ತುತ್ತು ತುತ್ತಾಗಿ ಓದುತ್ತದೆ. ಯೂನಿಕೋಡಿನಲ್ಲಿ ‘ಕಿಬ್ಬನಹಳ್ಳಿ’ ಎಂಬುದು ಕ, ಗುಡಿಸು, ಬ, ವಿರಾಮ, ಬ, ನ, ಹ, ಳ, ವಿರಾಮ, ಳ, ಗುಡಿಸು ಎಂದು 11 ಸಂಕೇತಗಳಾಗುತ್ತದೆ. ಯುಟಿಎಫ್-8 ಎಂಬ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟುಗಳು ಬೇಕಾಗುವುದರಿಂದ ಹೆಸರು 33 ಬೈಟುಗಳಷ್ಟು ಉದ್ದವಾಗುತ್ತದೆ. ತುತ್ತಿನ ಅಂಚು ಸಂಕೇತದ ನಡುವೆ ಬಿದ್ದರೆ ಪಾರ್ಸರು ಮುಂದಿನ ಬೈಟು ಬರುವವರೆಗೆ ಕಾಯುತ್ತದೆ. ಆದರೆ ಎರಡು ಸಂಕೇತಗಳ ನಡುವೆ ಬಿದ್ದರೆ, ಕೈಯಲ್ಲಿದ್ದುದನ್ನು ಒಂದು ಘಟನೆಯಾಗಿಯೂ ಉಳಿದುದನ್ನು ಇನ್ನೊಂದು ಘಟನೆಯಾಗಿಯೂ ಸಾರಿಬಿಡಬಹುದು. ಒತ್ತಕ್ಷರವನ್ನು ಒಡೆಯಬಾರದೆಂಬ ವ್ಯಾಕರಣ ಅದಕ್ಕಿಲ್ಲ. ಹೀಗೆ ‘ಕಿಬ್’ ಎಂಬುದು ಮೊದಲು ಬಂದು, ‘ಬನಹಳ್ಳಿ’ ಎಂಬುದು ಅನಂತರ ಬಂದು ಅದನ್ನು ಅಳಿಸಿಹಾಕಿದ್ದಿತು. ಇದು ಪಾರ್ಸರಿನ ದೋಷವಲ್ಲ. ಬರಹವನ್ನು ಎಷ್ಟು ತುಣುಕಾಗಿ ಬೇಕಾದರೂ ಕೊಡುವ ಸ್ವಾತಂತ್ರ್ಯ ಸ್ಯಾಕ್ಸಿನಲ್ಲಿ ಅದಕ್ಕುಂಟು.

ಆದುದರಿಂದ ತುಣುಕುಗಳನ್ನು ಒಂದು ಪಟ್ಟಿಯಲ್ಲಿ ಕೂಡಿಡುತ್ತ ಹೋಗಿ, ಮುಂದಿನ ತೆರೆದ ಅಥವಾ ಮುಚ್ಚಿದ ಘಟನೆ ಬಂದಾಗ ಎಲ್ಲವನ್ನೂ ಒಮ್ಮೆಗೇ ಬೆಸೆಯಬೇಕು. ತುದಿಗಳಲ್ಲಿನ ಖಾಲಿ ಜಾಗವನ್ನು ಕತ್ತರಿಸುವುದಿದ್ದರೆ ಬೆಸೆದ ಮೇಲೆಯೇ ಕತ್ತರಿಸತಕ್ಕದ್ದು. ತುಣುಕು ತುಣುಕಾಗಿ ಕತ್ತರಿಸಿದರೆ ‘ತೆಂಗಿನ ತೋಟ’ವು ‘ತೆಂಗಿನತೋಟ’ವಾಗಬಹುದು. ಸಾಲುಗಳ ಮೊದಲಿಗೆ ಅಂದಕ್ಕಾಗಿ ಬಿಟ್ಟ ಜಾಗವೂ ಅಕ್ಷರಗಳ ಘಟನೆಯಾಗಿ ಬರುತ್ತದೆಂಬುದನ್ನು ಮರೆಯಬಾರದು. ಮೇಲೆ ನಾವು 14 ಎಂದು ಎಣಿಸಿದುದು ಅದನ್ನು ಬಿಟ್ಟು.

‘ತಿಪಟೂರಿನಿಂದ ಹೊರಟು <ಊರು>ಕಿಬ್ಬನಹಳ್ಳಿ</ಊರು> ಮಾರ್ಗವಾಗಿ’ ಎಂಬಂತೆ ಬರಹದ ನಡುವೆ ಟ್ಯಾಗು ಬಂದರೆ ‘ಮಾರ್ಗವಾಗಿ’ ಎಂಬುದು ಯಾರದು? ಡಾಮಿನಲ್ಲಿ ಬರಹದ ತುಂಡುಗಳೂ ಗಂಟುಗಳೇ ಆದುದರಿಂದ ಮೂರು ಮಕ್ಕಳು ಕ್ರಮವಾಗಿ ನಿಲ್ಲುತ್ತಾರೆ. ಪೈಥಾನ್ ಭಾಷೆಯ ಎಲಿಮೆಂಟ್‌ಟ್ರೀ ಎಂಬ ಸಂಗ್ರಹದಲ್ಲಿ ಅದನ್ನು ‘ಊರು’ ಗಂಟಿನ ಬಾಲವಾಗಿ ಅಂಟಿಸುತ್ತಾರೆ. ನನಗೆ ಮೊದಲನೆಯದೇ ಸಹಜವೆನಿಸುತ್ತದೆ.

ಕನ್ನಡದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಅಭ್ಯಾಸ ಮಾಡಬೇಕೆನ್ನುವವರಿಗೆ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ಒಳ್ಳೆಯ ಗಣಿ. ಅದರ ಲೇಖನಗಳೆಲ್ಲವೂ ಎಕ್ಸ್‌ಎಂಎಲ್ ಕಡತವಾಗಿ ಯಾರಿಗಾದರೂ ದೊರೆಯುತ್ತವೆ. ಬೇರಿನ ಕೆಳಗೆ ‘ಪೇಜ್’ ಎಂಬ ಗಂಟುಗಳು ಸಾಲಾಗಿವೆ. ಪುಟಕ್ಕೊಂದು ‘ಐಡಿ’, ಅದರೊಳಗಿನ ಪರಿಷ್ಕರಣೆಗೆ ಇನ್ನೊಂದು ‘ಐಡಿ’, ಪರಿಷ್ಕರಿಸಿದ ನೋಂದಾಯಿತ ಬಳಕೆದಾರರಿಗೆ ಮತ್ತೊಂದು ‘ಐಡಿ’: ಒಂದೇ ಹೆಸರಿನ ಟ್ಯಾಗು ಮೂರು ಅಂತಸ್ತುಗಳಲ್ಲಿ! ಸ್ಟ್ಯಾಕಿಲ್ಲದೆ, ‘ಐಡಿ ಬಂದಾಗ ಪುಟದ ಸಂಖ್ಯೆಯೆಂದು ಬರೆದುಕೊ’ ಎಂದು ಬರೆದವರಿಗೆ ಕೊನೆಯಲ್ಲಿ ದಕ್ಕುವುದು ಬಳಕೆದಾರರ ಸಂಖ್ಯೆ. ಸ್ಟ್ಯಾಕನ್ನು ಇಟ್ಟುಕೊಂಡವರು ತುದಿಯ ಕೆಳಗೆ ಯಾರಿದ್ದಾರೆಂದು ಒಮ್ಮೆ ನೋಡಿದರೆ ಸಾಕು.

ಇಂತಹ ಕಡತದ ಪೂರ್ಣವೃಕ್ಷವನ್ನು ಕಟ್ಟಲು ಹೊರಟರೆ ಕಡತದ ಗಾತ್ರದ ಹಲವು ಪಟ್ಟು ನೆನಪಿನ ಜಾಗವು ಬೇಕಾಗಿ, ಸಾಧಾರಣ ಗಣಕವು ಬಸವಳಿಯಬಹುದು. ಆಗ ಮಧ್ಯಮಮಾರ್ಗವೊಂದುಂಟು. ‘ಪೇಜ್’ ಮುಚ್ಚಿದ ಘಟನೆ ಬಂದೊಡನೆ ಆ ಒಂದು ಪುಟದ ಉಪವೃಕ್ಷವು ಪೂರ್ತಿಯಾಗಿರುತ್ತದೆ. ಬೇಕಾದುದನ್ನು ಅದರಿಂದ ತೆಗೆದುಕೊಂಡು, ಉಪವೃಕ್ಷವನ್ನು ಕಡಿದುಹಾಕಿ, ಮುಂದಿನ ಪುಟಕ್ಕೆ ಹೋಗಬೇಕು. ಕಡಿಯುವಾಗ ಗಂಟಿನ ಒಳಗಿನದನ್ನು ಬರಿದುಮಾಡಿ ಸುಮ್ಮನಾಗುವುದು ಸಾಲದು. ಬರಿದಾದ ಗಂಟು ಬೇರಿಗೆ ಕಟ್ಟಿಕೊಂಡೇ ಇರುತ್ತದೆ. ಪುಟಗಳು ಸಾವಿರಗಟ್ಟಲೆಯಾದಂತೆ ಆ ಖಾಲಿ ಚಿಪ್ಪುಗಳೇ ರಾಶಿ ಬೀಳುತ್ತವೆ. ಬೇರಿನ ಮಕ್ಕಳ ಪಟ್ಟಿಯಿಂದಲೂ ಅದನ್ನು ಅಳಿಸಬೇಕು.