ಎರೆ, ಮಸಾರಿ, ಅದಿರಿನ ಧೂಳು: ಗಾಡಿ ಸಜ್ಜು ಮಾಡುವ ಮುನ್ನ

ಯಶವಂತನಗರದಿಂದ ಹೊರಟು ಸಂಡೂರು, ಹೊಸಪೇಟೆ ದಾಟಿ ಕಂಪ್ಲಿ ಮುಟ್ಟುವಷ್ಟರಲ್ಲಿ ಗಾಲಿ ಮೂರು ಬಗೆಯ ನೆಲ ತುಳಿಯುತ್ತದೆ. ಗುಡ್ಡದ ಬುಡದಲ್ಲಿ ಲಾರಿಗಳು ಉದುರಿಸಿಹೋದ ಅದಿರಿನ ಧೂಳು, ಹಂಪಿ ಸುತ್ತಲ ಬಂಡೆಗಳ ನಡುವೆ ಮಸಾರಿ ಮತ್ತು ಗರಸು, ಕಂಪ್ಲಿ ಕಡೆಯ ಕಾಲುವೆ ದಂಡೆಗಳಲ್ಲಿ ಎರೆ. ಟಾರಿಗೂ ಮಣ್ಣಿಗೂ ಆಗುವ ಗಾಡಿ ನಮ್ಮಲ್ಲಿ ಕೈಗೆಟುಕುವ ಬೆಲೆಗೆ ಸಿಗತೊಡಗಿದ್ದು ಈಚೆಗೆ. 2011ರಲ್ಲಿ ಹೀರೋ ಇಂಪಲ್ಸ್ ಬಂತು, 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೋದ್ದೇ ಎಕ್ಸ್‌ಪಲ್ಸ್ 200. ಕೊಂಡ ವಾರವೇ ವಿಡಿಯೋ ನೋಡಿ ಸೈಲೆನ್ಸರ್, ಲೈಟು, ಸ್ಟಿಕ್ಕರಿಗೆ ದುಡ್ಡು ಸುರಿಯುವ ಹುಡುಗರನ್ನು ದಿನವೂ ನೋಡುತ್ತೇನೆ. ಅವರಿಗೆ ನಾನು ಹೇಳುವುದು ಇಷ್ಟೇ: ಗಾಡಿಗೆ ಏನು ಹಾಕಬೇಕೆಂದು ನಿಮ್ಮ ದಾರಿಯ ಮಣ್ಣನ್ನು ಕೇಳಿ.

1. ಮೊದಲ ದುಡ್ಡು ಟೈರಿಗೆ

ಹಿಮಾಲಯನ್, ಎಕ್ಸ್‌ಪಲ್ಸ್ ಎರಡಕ್ಕೂ ಮುಂದಿನ ಗಾಲಿ 21 ಇಂಚು. ಕಲ್ಲು, ತಗ್ಗು ದಾಟಲು ಅದು ಹೇಳಿ ಮಾಡಿಸಿದ ಅಳತೆ. ಆದರೆ ಪೂರ್ತಿ ಬಟನ್ ಟೈರ್ ಹಾಕಿಸಿದರೆ ಟಾರಿನ ಮೇಲೆ ಬೇಗ ಸವೆಯುತ್ತದೆ, ಮಳೆಯಲ್ಲಿ ಬ್ರೇಕ್ ಹಿಡಿದಾಗ ಜಾರುತ್ತದೆ. ದಿನವೂ ಹೊಸಪೇಟೆಗೆ ಓಡಾಡುವವರಿಗೆ ಟಾರಿಗೆ ಅರ್ಧ, ಮಣ್ಣಿಗೆ ಅರ್ಧ ಎನ್ನುವಂಥ ಟೈರೇ ಸಾಕು.

ಟೈರಿಗಿಂತ ದೊಡ್ಡ ವಿಷಯ ಗಾಳಿ. ಕಂಪನಿ ಹೇಳಿದ ಗಾಳಿ ಟಾರಿಗೆ. ಮಸಾರಿಯ ಸಡಿಲು ಮಣ್ಣಿಗಿಳಿದಾಗ 20 ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಟೈರ್ ಅಗಲವಾಗಿ ನೆಲ ಹಿಡಿಯುತ್ತದೆ. ಆನೆಗೊಂದಿ ಕಡೆಯ ಕಲ್ಲು ದಾರಿಯಲ್ಲಿ ಮಾತ್ರ ಅದಕ್ಕಿಂತ ಕೆಳಗಿಳಿಸಬೇಡಿ. ಬಂಡೆಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಒಟ್ಟಿಗೆ ಎರಡು ಕಡೆ ಹರಿಯುತ್ತದೆ, ರಿಮ್ಮೂ ಸೊಟ್ಟಗಾಗುತ್ತದೆ. ಟಾರಿಗೆ ಮರಳುವ ಮೊದಲು ಮತ್ತೆ ಗಾಳಿ ತುಂಬಬೇಕು. ಅದಕ್ಕೇ ಸಣ್ಣ ಪಂಪು ಮತ್ತು ಗಾಳಿ ಮೀಟರು ಗಾಡಿ ಬಿಟ್ಟು ಇಳಿಯಬಾರದು.

2. ಏರ್ ಫಿಲ್ಟರ್: ಸಂಡೂರಿನವರಿಗೆ ಇದೇ ಎಂಜಿನ್ನಿನ ಆಯುಷ್ಯ

ಅದಿರಿನ ಧೂಳನ್ನು ಹೊಲದ ಧೂಳೆಂದು ತಿಳಿಯಬೇಡಿ. ನಮ್ಮ ಗುಡ್ಡಗಳ ಹೆಮಟೈಟ್ ಅದಿರಿನ ಗಡಸುತನ ಮೋಸ್ ಮಾಪಕದಲ್ಲಿ 5.5ರಿಂದ 6.5. ಪಿಸ್ಟನ್ನಿನ ಅಲ್ಯೂಮಿನಿಯಂ ಅದರ ಮುಂದೆ ತೀರ ಮೆತ್ತಗೆ. ಫಿಲ್ಟರಿನ ಅಂಚಲ್ಲಿ ಕೂದಲೆಳೆಯಷ್ಟು ಸಂದು ಸಿಕ್ಕರೂ ಈ ಧೂಳು ಒಳಗೆ ಹೋಗಿ ರಿಂಗು, ಬೋರು ಎರಡನ್ನೂ ಉಜ್ಜುತ್ತದೆ. ಆಮೇಲೆ ಗಾಡಿ ಆಯಿಲ್ ಕುಡಿಯತೊಡಗುತ್ತದೆ, ನೀಲಿ ಹೊಗೆ ಬಿಡುತ್ತದೆ.

ಕಂಪನಿ ಪುಸ್ತಕದಲ್ಲಿರುವ ಕಿಲೋಮೀಟರ್ ಲೆಕ್ಕ ಸಾಮಾನ್ಯ ರಸ್ತೆಯದು. ಸಂಡೂರು, ದೇವಗಿರಿ, ದೋಣಿಮಲೈ ಕಡೆ ದಿನವೂ ಓಡುವ ಗಾಡಿಗೆ ಆ ಲೆಕ್ಕ ಹೊಂದುವುದಿಲ್ಲ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬಾಕ್ಸ್ ಬಿಚ್ಚಿ ನೋಡಿ. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪಿನೊಳಗೆ ಬೆರಳಾಡಿಸಿ. ಬೆರಳು ಕೆಂಪಾದರೆ ಧೂಳು ಫಿಲ್ಟರ್ ದಾಟಿದೆ ಎಂದರ್ಥ. ಎಣ್ಣೆ ಹಚ್ಚಿ ಬರುವ ಕಾಗದದ ಫಿಲ್ಟರಿಗೆ ಗಾಳಿ ಹೊಡೆಸಬೇಡಿ, ತೊಳೆಯಲೂಬೇಡಿ, ಹೊಸದು ಹಾಕಿ. ತೊಳೆದು ಬಳಸುವ ಫೋಮ್ ಫಿಲ್ಟರ್ ನಿಮ್ಮ ಗಾಡಿಗೆ ಸಿಗುವುದಾದರೆ ಎರಡು ಕೊಂಡಿಡಿ. ಒಂದು ಗಾಡಿಯಲ್ಲಿರಲಿ, ಇನ್ನೊಂದು ತೊಳೆದು ಒಣಗಿ ಫಿಲ್ಟರ್ ಆಯಿಲ್ ಹಚ್ಚಿಕೊಂಡು ಸಿದ್ಧವಿರಲಿ. ಪೆಟ್ರೋಲಿನಲ್ಲಿ ತೊಳೆದರೆ ಫೋಮಿನ ಅಂಟು ಬಿಡುತ್ತದೆ. ಕೂರಿಸುವಾಗ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ.

ಇನ್ನೊಂದು ಮಾತು. ಗಣಿ ಲಾರಿಯ ಹಿಂದೆ ಧೂಳು ಕುಡಿಯುತ್ತ ಹೋಗುವುದಕ್ಕಿಂತ ಐದು ನಿಮಿಷ ಮರದಡಿ ನಿಲ್ಲಿ. ನಿಮ್ಮ ಶ್ವಾಸಕೋಶಕ್ಕೆ ಹೊಸ ಫಿಲ್ಟರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

3. ಎರೆಗೆ ಮಡ್‌ಗಾರ್ಡ್ ಎತ್ತರವಿರಲಿ

ಮಳೆ ಬಿದ್ದ ಎರೆಯಲ್ಲಿ ಗಾಡಿ ಜಾರುವುದು ಎಲ್ಲರಿಗೂ ಗೊತ್ತು. ನಿಜವಾದ ಕಾಟ ಬೇರೆ. ಮಣ್ಣು ಟೈರಿಗೆ ಸುತ್ತಿಕೊಂಡು ಮಡ್‌ಗಾರ್ಡಿನೊಳಗೆ ತುಂಬಿ ಮುಂದಿನ ಗಾಲಿಯನ್ನೇ ಕಟ್ಟಿಹಾಕುತ್ತದೆ. ಹಳೆಯ 411 ಸಿಸಿ ಹಿಮಾಲಯನ್‌ಗೆ ಮೇಲೊಂದು, ಟೈರಿಗೆ ಅಂಟಿದಂತೆ ಕೆಳಗೊಂದು ಮಡ್‌ಗಾರ್ಡ್ ಇದೆ. ಮಳೆಗಾಲದಲ್ಲಿ ಕಂಪ್ಲಿ ಕಡೆಯ ಹೊಲದ ದಾರಿಗೆ ಇಳಿಯುವವರು ಕೆಳಗಿನದನ್ನು ಎತ್ತರಿಸಬೇಕು. ಎಕ್ಸ್‌ಪಲ್ಸ್‌ನ ಮಡ್‌ಗಾರ್ಡ್ ಮೊದಲೇ ಎತ್ತರದಲ್ಲಿದೆ; ಅದನ್ನು ಮುಟ್ಟಬೇಡಿ. ಯಾವ ಗಾಡಿಯಿದ್ದರೂ ಒಂದು ಚಪ್ಪಟೆ ಕಟ್ಟಿಗೆ ತುಂಡು ಜೊತೆಗಿರಲಿ, ಮೆತ್ತಿದ ಎರೆ ಕೀಳಲು ಅದಕ್ಕಿಂತ ಒಳ್ಳೆಯ ಸಾಮಾನಿಲ್ಲ. ಹೊಸಪೇಟೆಯ ಡ್ಯಾಂನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆಯೇ ಮುಳುಗುತ್ತದೆ. ಅಂಥ ದಿನ ಯಾವ ಟೈರನ್ನೂ ನಂಬಿ ನೀರಿಗಿಳಿಯಬೇಡಿ.

4. ಚೈನು

ಧೂಳಿನ ದಾರಿಯಲ್ಲಿ ಚೈನಿಗೆ ಹಳೆ ಎಂಜಿನ್ ಆಯಿಲ್ ಸುರಿಯುವ ರೂಢಿ ಬಿಡಿ. ಅದಿರಿನ ಧೂಳು ಆಯಿಲ್ ಜೊತೆ ಸೇರಿ ಸಾಣೆ ಮುದ್ದೆಯಾಗಿ ಸ್ಪ್ರಾಕೆಟ್ ಹಲ್ಲು ತಿನ್ನುತ್ತದೆ. ಸೀಮೆಎಣ್ಣೆಯಲ್ಲಿ ಒರೆಸಿ, ಒಣಗಿಸಿ, ಮೇಣದಂಥ ಚೈನ್ ಲ್ಯೂಬ್ ತೆಳ್ಳಗೆ ಹೊಡೆಯಿರಿ.

5. ಬೀಳುವುದಕ್ಕೆ ಸಜ್ಜಾಗಿ

ಮಣ್ಣಿನ ದಾರಿಯಲ್ಲಿ ಗಾಡಿ ಮಲಗುವುದು ಸಹಜ. ಮಲಗಿದಾಗ ಮೊದಲು ಮುರಿಯುವುದು ಕ್ಲಚ್ ಮತ್ತು ಬ್ರೇಕ್ ಲಿವರ್. ಒಳಗೆ ಲೋಹದ ಪಟ್ಟಿಯಿರುವ ಹ್ಯಾಂಡ್ ಗಾರ್ಡ್ ಹಾಕಿಸಿ. ಬರಿ ಪ್ಲಾಸ್ಟಿಕ್ಕಿನದು ಗಾಳಿ ತಡೆಯುತ್ತದೆ ಅಷ್ಟೇ. ಎಂಜಿನ್ ಕೆಳಗಿನ ತಟ್ಟೆ ಹಂಪಿ ಕಡೆಯ ಕಲ್ಲಿಗೆ ಬೇಕೇ ಬೇಕು. ಆದರೆ ಕಬ್ಬಿಣದ ಪೈಪು ಬಾಗಿಸಿ ಮಾಡಿದ ದಪ್ಪ ಗಾರ್ಡು, ಎರಡು ಕಡೆ ತಗಡಿನ ಪೆಟ್ಟಿಗೆ, ಹಿಂದೊಂದು ಕ್ಯಾರಿಯರ್ ಅಂತ ಹೇರುತ್ತ ಹೋದರೆ ಮರಳಿನಲ್ಲಿ ಗಾಡಿ ಎತ್ತಲು ಇಬ್ಬರು ಬೇಕಾಗುತ್ತಾರೆ. ಎಕ್ಸ್‌ಪಲ್ಸ್ 200ರ ದೊಡ್ಡ ಗುಣವೇ ಅದು 160 ಕಿಲೋ ಆಸುಪಾಸಿನಲ್ಲಿರುವುದು. ಆ ಗುಣವನ್ನು ಕೈಯಾರೆ ಕಳೆಯಬೇಡಿ. ಬಟ್ಟೆಯ ಚೀಲ ಎರಡು ಬದಿಗೆ ಕಟ್ಟಿದರೆ ಸಾಕು. ಭಾರ ಕೆಳಗೆ, ಮುಂದಕ್ಕಿರಲಿ.

6. ರ‍್ಯಾಲಿ ಗಾಡಿಯೇ ಬೇರೆ, ನಮ್ಮ ಗಾಡಿಯೇ ಬೇರೆ

ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಪೂರ್ತಿಗೊಳಿಸಿದ ಮೊದಲ ಭಾರತೀಯರಾದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು. ಕನ್ನಡ ನಾಡಿಗೆ ಇದು ಹೆಮ್ಮೆ. ಆದರೆ ಅಂಥ ಗಾಡಿಗಳನ್ನು ದಿನದ ಓಟ ಮುಗಿದ ಮೇಲೆ ಬಿಚ್ಚಿ ಜೋಡಿಸುವ ತಂಡವಿರುತ್ತದೆ. ರ‍್ಯಾಲಿ ಗಾಡಿಯಂತೆ ಸಜ್ಜಾಗಿ ಬರುವ ಎಕ್ಸ್‌ಪಲ್ಸ್ 200ರ ಪ್ರೋ ಮಾದರಿಯ ಸೀಟು 891 ಮಿಲಿಮೀಟರ್ ಎತ್ತರ, ಮುಂದಿನ ಶಾಕ್‌ನ ಓಟ 250 ಮಿಲಿಮೀಟರ್. ಬಯಲಿನಲ್ಲಿ ಹಾರಿಸುವವರಿಗೆ ಅದು ಒಳ್ಳೆಯದು. ಸಂಡೂರಿನ ಸಂತೆ ದಿನ ಜನರ ನಡುವೆ ಕಾಲೂರಬೇಕಾದವರಿಗೆ ಅಲ್ಲ. ಸಾಮಾನ್ಯ ಮಾದರಿಯಲ್ಲೇ ಹಿಂದಿನ ಸ್ಪ್ರಿಂಗನ್ನು ನಿಮ್ಮ ತೂಕಕ್ಕೆ ಬಿಗಿ ಮಾಡಿಸಿ, ಫುಟ್‌ರೆಸ್ಟ್ ಅಗಲವಾದದ್ದು ಹಾಕಿಸಿ. ನಿಂತು ಓಡಿಸಿದಾಗ ಬೆನ್ನು ಬಾಗದಂತೆ ಹ್ಯಾಂಡಲ್ ಎತ್ತರಿಸಿ. ಕುಮಾರಸ್ವಾಮಿ ದೇವಸ್ಥಾನದ ಗುಡ್ಡದ ಏರು, ಅಲ್ಲಿಂದಾಚೆಯ ದಾರಿಗಳಿಗೆ ಇಷ್ಟು ಸಾಕು.

7. ಸೈಲೆನ್ಸರ್, ಲೈಟು, ಆರ್‌ಸಿ

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಚಿತಪಡಿಸಿದೆ. ಗುಡುಗುವ ಸೈಲೆನ್ಸರ್ ದಂಡ ತರುತ್ತದೆ, ಊರಿನ ಮಕ್ಕಳು ಮುದುಕರ ನಿದ್ದೆ ಕೆಡಿಸುತ್ತದೆ. ಮಣ್ಣಿನಲ್ಲಿ ಅದರಿಂದ ಯಾವ ಉಪಯೋಗವೂ ಇಲ್ಲ. ಹೆಚ್ಚಿನ ಲೈಟ್ ಹಾಕಿಸುವುದಾದರೆ ರಿಲೇ, ಫ್ಯೂಸ್ ಸಮೇತ ಹಾಕಿಸಿ, ಊರೊಳಗೆ ಆರಿಸಿ.

8. ಚೀಲದಲ್ಲಿ ಏನಿರಬೇಕು

21 ಇಂಚಿನ ಒಂದು ಟ್ಯೂಬ್, ಎರಡು ಟೈರ್ ಲಿವರ್, ಆಕ್ಸಲ್ ನಟ್ಟಿನ ಪಾನ, ಚೈನ್ ಲಿಂಕ್, ಕ್ಲಚ್, ಬ್ರೇಕ್ ಲಿವರ್ ಒಂದೊಂದು, ತಂತಿ, ಟೇಪು, ಎರಡು ಲೀಟರ್ ನೀರು. ಕಷ್ಟಕ್ಕೆ ಬಂದರೆ 21 ಇಂಚಿನ ಟ್ಯೂಬನ್ನೇ ಹಿಂದಿನ ಸಣ್ಣ ಗಾಲಿಗೂ ಮಡಚಿ ಹಾಕಿ ಊರು ಸೇರಬಹುದು. ಪಂಕ್ಚರ್ ಹಾಕುವುದನ್ನು ಮನೆಯಂಗಳದಲ್ಲೇ ಕಲಿಯಿರಿ. ರಾಮಗಡದ ಕಾಡಂಚಿನಲ್ಲಿ ಕಲಿಸುವವರು ಯಾರೂ ಸಿಗುವುದಿಲ್ಲ. ಹೊರಡುವ ಮುಂಚೆ ಗಾಲಿಯ ಕಡ್ಡಿಗಳ ಬಿಗಿಯನ್ನೂ ನೋಡಿಕೊಳ್ಳಿ.

9. ಗಾಡಿಗಿಂತ ಮೊದಲು ಮೈ

ಐಎಸ್‌ಐ ಗುರುತಿನ ಹೆಲ್ಮೆಟ್, ಮೊಣಕಾಲು ಗಾರ್ಡ್, ಪಾದದ ಗಂಟು ಮುಚ್ಚುವ ಬೂಟು: ಇವು ಬಂದ ಮೇಲೆ ಉಳಿದ ಸಾಮಾನು. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಳಿಯಾಡುವ ಜಾಲರಿಯ ಜಾಕೆಟ್ ಹಾಕಿ. ಸೆಖೆಯೆಂದು ಬರಿಯಂಗಿಯಲ್ಲಿ ಹೊರಡಬೇಡಿ.

10. ಎಲ್ಲಿ ಓಡಿಸಬಾರದು

1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಹಂಪಿಯ ಮಂಟಪ, ಬಂಡೆಗಳ ಮೇಲೆ ಗಾಡಿ ಹತ್ತಿಸಬಾರದು. ದರೋಜಿ ಕರಡಿಧಾಮಕ್ಕೂ ಸಂಡೂರಿನ ಮೀಸಲು ಅರಣ್ಯಕ್ಕೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ನುಗ್ಗಬಾರದು. ಗಣಿಗಾರಿಕೆಯಿಂದ ಈ ಕಾಡು ಈಗಾಗಲೇ ಸಾಕಷ್ಟು ನೊಂದಿದೆ. ಬಿತ್ತಿದ ಹೊಲದ ಬದು, ಹಸಿ ಕಾಲುವೆ ದಂಡೆ ರೈತನ ದುಡಿಮೆ. ಒಂದು ಬಟನ್ ಟೈರ್ ಕೊರೆದ ಗೀರಿನಲ್ಲಿ ನೀರು ಹರಿದು ದಂಡೆ ಒಡೆಯಬಹುದು. ಬಂಡಿದಾರಿ ಇದ್ದಲ್ಲಿ ಓಡಿಸಿ. ಇಲ್ಲದ ಕಡೆ ದಯವಿಟ್ಟು ಗಾಡಿ ನಿಲ್ಲಿಸಿ ನಡೆದು ಹೋಗಿ.